ಅಪ್ಪ ಏನಂದರು?

ಇಂಡಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ‘ಎರಡು ಸಲ ನೀಟ್ ಬರೆದೆ, ಸೀಟು ಸಿಗಲಿಲ್ಲ. ನನ್ನಿಂದ ಏನೂ ಆಗಲ್ಲ. ಬೇರೆ ಕೋರ್ಸ್ ಸೇರಿ ಅದೂ ತಪ್ಪಾದರೆ ಬಾಳೇ ಹಾಳು. ಅಪ್ಪನಿಗೆ ಮುಖ ತೋರಿಸೋದು ಹೇಗೆ? ದಿನಾ ನಿಂಬೆ ತೋಟದಲ್ಲಿ ಹೊತ್ತು ಕಳೆಯುತ್ತೇನೆ. ಮೊನ್ನೆ ಗಿಡಕ್ಕೆ ಕಜ್ಜಿ ರೋಗ ಬಂದದ್ದು ಅಪ್ಪನಿಗಿಂತ ಮೊದಲು ನನಗೇ ಗೊತ್ತಾಯಿತು. ಅಷ್ಟೇ ನನ್ನ ಸಾಧನೆ.’

ತಮ್ಮಾ, ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ನಡೆದ ಸಂಗತಿ ಎರಡೇ. ಸೀಟು ಸಿಗಲಿಲ್ಲ, ರೋಗ ಗುರುತಿಸಿದೆ. ಉಳಿದದ್ದು ನಿನ್ನ ಅನಿಸಿಕೆ. ಅದನ್ನು ನೀನು ರಿಸಲ್ಟ್ ಬಂದ ಹಾಗೆ ಬರೆದಿದ್ದೀಯ.

ಇಂಥ ಯೋಚನೆಗಳನ್ನು ಅಳೆಯಲೆಂದೇ ಅಮೆರಿಕದ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯ ತಜ್ಞರು 1996ರಲ್ಲಿ 48 ವಾಕ್ಯಗಳ ಪ್ರಶ್ನಾವಳಿ ತಂದರು. ಯಾವ ಮಾತನ್ನು ಎಷ್ಟು ಒಪ್ಪುತ್ತೀರಿ ಎಂದು ಗುರುತು ಹಾಕಬೇಕು. ತೊಡಕು ಎಲ್ಲಿದೆ ಎಂದು ಅದರಿಂದ ತಿಳಿಯುತ್ತದೆ. ಆರಿಸೋದೇ ಗೊಂದಲವಾ, ಒಂದನ್ನು ಗಟ್ಟಿ ಹಿಡಿಯಲು ಭಯವಾ, ಇಲ್ಲಾ ಮನೆಯವರ ಮಾತಿಗೂ ನಿನ್ನ ಮನಸ್ಸಿಗೂ ಜಗ್ಗಾಟವಾ? ನಿನಗೆ ಭಯವೇ ಜಾಸ್ತಿ ಅಂತ ನನಗೆ ಕಾಣುತ್ತದೆ. ಅಪ್ಪ ಏನಂದರು ಅನ್ನೋದು ಪತ್ರದಲ್ಲಿ ಎಲ್ಲೂ ಇಲ್ಲ. ಅವರ ಪರವಾಗಿ ನೀನೇ ಬೈದುಕೊಂಡಿದ್ದೀಯ, ಅಲ್ವಾ?

ಒಂದು ನೋಟ್‌ಬುಕ್ ತೆಗೆದುಕೋ. ‘ನನ್ನಿಂದ ಏನೂ ಆಗಲ್ಲ’ ಅಂತ ಬರೆ. ಇದು ನಿಜ ಅನ್ನೋದಕ್ಕೆ ಏನಿದೆ, ಅಲ್ಲ ಅನ್ನೋದಕ್ಕೆ ಏನಿದೆ, ಎರಡನ್ನೂ ಕೆಳಗೆ ಬರೆ. ಆಮೇಲೆ ಆ ವಾಕ್ಯವನ್ನು ತಿದ್ದು. ಸುಮ್ನೆ ‘ಗೆದ್ದೇ ಗೆಲ್ಲುತ್ತೇನೆ’ ಅಂತ ಬರೆಯಬೇಡ, ನಿನ್ನ ಮನಸ್ಸೇ ನಂಬೋದಿಲ್ಲ. ‘ನೀಟ್‌ನಲ್ಲಿ ಬೇಕಾದಷ್ಟು ಅಂಕ ಬರಲಿಲ್ಲ. ಗಿಡದ ರೋಗ ನನ್ನ ಕಣ್ಣಿಗೆ ಬೇಗ ಬೀಳುತ್ತದೆ’ ಅಂತ ಬರೆ. ಇದನ್ನು ನಂಬಬಹುದು. ಮುಂದೆ ಏನು ಮಾಡಬೇಕು ಅನ್ನೋದೂ ಇದರಿಂದ ಹೊಳೆಯುತ್ತದೆ.

ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ನಾಲ್ಕು ವರ್ಷದ ಬಿ.ಎಸ್ಸಿ. ತೋಟಗಾರಿಕೆಗೆ ಸಿಇಟಿ ಮೂಲಕ ಸೀಟು, ರೈತರ ಮಕ್ಕಳಿಗೆ ಬೇರೆ ಕೋಟಾ. ಗಿಡಗಳ ರೋಗವೇ ಅಲ್ಲಿ ಒಂದು ಪಾಠ. ಅಲ್ಲೇ ಸೇರು ಅಂತ ಹೇಳುತ್ತಿಲ್ಲ. ಒಂದು ದಿನ ಹೋಗಿ ಅಲ್ಲಿನ ಹುಡುಗರನ್ನು ಮಾತಾಡಿಸು. ಹೋಗಿ ನೋಡಿದ ಮಾತ್ರಕ್ಕೆ ಬಾಳು ಹಾಳಾಗೋದಿಲ್ಲ.

ರಾತ್ರಿ ನಿದ್ದೆ ಬರದಿದ್ದರೆ, ಬದುಕೇ ಬೇಡ ಅನಿಸಿದರೆ, ಇದೆಲ್ಲ ಬಿಡು. ತಕ್ಷಣ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪನ ಜೊತೆ ತೋಟದಲ್ಲೇ, ಆ ಕಜ್ಜಿ ಬಂದ ಗಿಡದ ಹತ್ತಿರ ಮಾತು ತೆಗೆ. ಅವರು ಏನಂದರು ಅಂತ ನನಗೆ ಬರೆ. ಕಾಯುತ್ತಿರುತ್ತೇನೆ.

– ಸಂಪಾದಕ