ಹೊಲಿಗೆ ಮಷಿನ್ ಮೋಟರಿನ ಕಂಡೆನ್ಸರ್ ಸಿಡಿದಾಗ

ಪ್ರಶ್ನೆ: ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ತುಳಿಯುವ ಮಷಿನ್‌ಗೆ ಮೋಟರ್ ಹಾಕಿಸಿ ಬಹಳ ವರ್ಷವಾಯಿತು. ಹೋದ ವಾರ ಹೊಲಿಯುತ್ತಿದ್ದಾಗ ಫಟ್ ಅಂತ ಸದ್ದಾಗಿ ಮೋಟರಿನಿಂದ ಹೊಗೆ ಬಂತು, ಕೋಣೆ ತುಂಬ ಸುಟ್ಟ ವಾಸನೆ. ರಿಪೇರಿಯವರು ಒಳಗೆ ಬಿರುಕು ಬಿಟ್ಟಿದ್ದ ಸಣ್ಣ ಡಬ್ಬಿಯೊಂದನ್ನು ಕತ್ತರಿಸಿ ಕೈಗೆ ಕೊಟ್ಟು, ಇದೇನೂ ಬೇಡ ಅಂದರು. ಮೋಟರ್ ಓಡುತ್ತಿದೆ. ಆದರೆ ಪೆಡಲ್ ಒತ್ತಿದರೆ ಸಾಕು, ಮಾವನವರ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಕರಕರ ಅನ್ನುತ್ತದೆ. ಡಬ್ಬಿಯ ಮೇಲೆ 0.1 ಅಂತ ಮಾತ್ರ ಓದಲು ಬರುತ್ತದೆ. ಬೇರೆಯದು ಹಾಕಿಸಬೇಕೇ?
– ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ಹಾಕಿಸಿ ಅಕ್ಕಾರೆ. ಅದು ಕಂಡೆನ್ಸರ್. ಫ್ಯಾನಿನ ಕಂಡೆನ್ಸರ್ ಹೋದರೆ ಫ್ಯಾನ್ ತಿರುಗಲು ಒದ್ದಾಡುತ್ತದೆ, ನಿಮ್ಮದು ಆ ಜಾತಿಯದಲ್ಲ. ಅದಕ್ಕೆ ಮೋಟರ್ ತಿರುಗಿಸುವ ಕೆಲಸವೇ ಇಲ್ಲ, ಹಾಗಾಗಿ ತೆಗೆದರೂ ಓಡುತ್ತಿದೆ. ಮೋಟರಿನೊಳಗೆ ಎರಡು ಕಾರ್ಬನ್ ತುಂಡುಗಳು ತಿರುಗುವ ತಾಮ್ರದ ಪಟ್ಟಿಗಳಿಗೆ ಉಜ್ಜುತ್ತಿರುತ್ತವೆ ಅಲ್ವಾ, ಅಲ್ಲಿ ಸಣ್ಣ ಸಣ್ಣ ಕಿಡಿ ಹಾರುತ್ತವೆ, ಆ ಕಿಡಿಯ ಗದ್ದಲ ವೈರ್ ಹಿಡಿದು ಮನೆಯೆಲ್ಲ ಹರಡದಂತೆ ತಡೆಯುವುದೇ ಈ ಡಬ್ಬಿ. ಮೀಡಿಯಂ ವೇವ್ ಕೇಳುವವರಿಗೆ ಆ ಗದ್ದಲದ ಕಾಟ ಜಾಸ್ತಿ.

ಅಂಗಡಿಯಲ್ಲಿ ಸುಮ್ನೆ 0.1 ಕೊಡಿ ಅಂತ ಕೇಳಬೇಡಿ. ಅದು ಮೈಕ್ರೋಫ್ಯಾರಡ್ ಅಳತೆ ಮಾತ್ರ, ಕೆಲವದರ ಮೇಲೆ 104 ಅಂತ ಇರುತ್ತದೆ, ಎರಡೂ ಒಂದೇ. ನೋಡಬೇಕಾದ್ದು ಎಕ್ಸ್2 ಅನ್ನುವ ಗುರುತು (ಮನೆಯ ಕರೆಂಟಿನ ಎರಡು ವೈರ್‌ಗಳ ನಡುವೆ ಹಾಕಲೆಂದೇ ಮಾಡಿದ್ದು ಅಂತ ಅರ್ಥ) ಮತ್ತು 275 ವೋಲ್ಟ್ ಎಸಿ. 310 ಇದ್ದರೂ ನಡೆಯುತ್ತದೆ. 400 ವೋಲ್ಟ್ ಡಿಸಿ ಕಂಡೆನ್ಸರ್ ನೋಡಲು ಹಾಗೇ ಇರುತ್ತದೆ, ಅದನ್ನು ಕೊಟ್ಟರೆ ದಯವಿಟ್ಟು ವಾಪಸ್ ಕೊಡಿ. ನಮ್ಮ ಮನೆಯ ಕರೆಂಟು 230 ವೋಲ್ಟ್ ಅಂದರೂ ಪ್ರತಿ ಅಲೆಯ ತುದಿ 325 ಮುಟ್ಟುತ್ತದೆ, ನಡುನಡುವೆ ಬರುವ ಹೊಡೆತ ಬೇರೆ. ಡಿಸಿಯದು ಅದನ್ನು ದಿನಾ ತಾಳಲು ಮಾಡಿದ್ದಲ್ಲ, ಶಾರ್ಟ್ ಆಗಿ ಬೆಂಕಿಯೂ ಹತ್ತಬಹುದು. ಎಕ್ಸ್2 ಒಳಗಿನ ಪದರದಲ್ಲಿ ಸಣ್ಣ ತೂತು ಬಿದ್ದರೆ ಸುತ್ತಲಿನ ಲೋಹದ ಲೇಪ ಆವಿಯಾಗಿ ಹೋಗಿ, ಆ ಜಾಗ ತಾನೇ ಸರಿಯಾಗುತ್ತದೆ.

ಕತ್ತರಿಸಿದ ಡಬ್ಬಿಯ ವೈರ್ ಎಣಿಸಿ. ಎರಡಿದ್ದರೆ ಮೇಲೆ ಹೇಳಿದ್ದು ಸಾಕು. ಮೂರನೆಯದೊಂದು ಮೋಟರಿನ ಮೈಗೆ ಹೋಗುತ್ತಿದ್ದರೆ ಅದರೊಳಗೆ ವೈ ದರ್ಜೆಯ, ಅಂದರೆ ಕರೆಂಟಿನ ವೈರ್ ಮತ್ತು ಮೈ ನಡುವೆ ಹಾಕಲೆಂದೇ ಮಾಡಿದ ಕಂಡೆನ್ಸರ್ ಕೂಡ ಇದೆ ಅಂತ ಅರ್ಥ, ಆಗ ಅಂಥದೇ ಮೂರು ವೈರಿನದು ತನ್ನಿ. ಮೈಗೆ ಹೋಗುವ ಜಾಗದಲ್ಲಿ ಎಕ್ಸ್2 ಹಾಕಲೇಬಾರದು. ಅದು ಶಾರ್ಟ್ ಆದರೆ ಕರೆಂಟು ಮಷಿನ್ ಮೈಗೇ ಬರುತ್ತದೆ, ದಿನವಿಡೀ ನೀವು ಎರಡೂ ಕೈ ಇಟ್ಟು ಕೂರುವ ಕಬ್ಬಿಣಕ್ಕೆ. ಗದಗಿನಲ್ಲಿ ಸಿಗದಿದ್ದರೆ ಹುಬ್ಬಳ್ಳಿಗೆ ಹೋಗುವವರ ಕೈಯಲ್ಲಿ ಹಳೇ ಡಬ್ಬಿಯನ್ನೇ ಕೊಟ್ಟು ಕಳಿಸಿ.

ಹಾಕುವಾಗ ಪ್ಲಗ್ ತೆಗೆದಿರಲಿ. ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ ಏರಿಸಿ. ಬರೀ ಟೇಪ್ ಸುತ್ತಿದರೆ ಮೋಟರಿನ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಮೊದಲ ಸಲ ನೇರ ಕರೆಂಟು ಕೊಡದೆ 100 ವ್ಯಾಟಿನ ಹಳೇ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಕರೆಂಟು ಬಲ್ಬಿನ ಮೂಲಕವೇ ಮೋಟರಿಗೆ ಹೋಗುವಂತೆ ಇಟ್ಟು ಪೆಡಲ್ ಒತ್ತಿ (ಎಲ್‌ಇಡಿ ಬಲ್ಬ್ ಆಗದು). ಬಲ್ಬ್ ಮಂದವಾಗಿ ಉರಿದು ಮೋಟರ್ ನಿಧಾನ ತಿರುಗಿದರೆ ಸರಿ. ಬಲ್ಬ್ ಜಗ್ಗನೆ ಹತ್ತಿ ಮೋಟರ್ ಅಲುಗಾಡದಿದ್ದರೆ ಎಲ್ಲೋ ಶಾರ್ಟ್ ಇದೆ, ಅಲ್ಲಿಗೇ ನಿಲ್ಲಿಸಿ.

ಎಲ್ಲ ಮುಗಿದ ಮೇಲೆ ಮಾವನವರಿಗೆ ರೇಡಿಯೋ ಹಚ್ಚಲು ಹೇಳಿ. ಆಗಲೂ ಕರಕರ ಜೋರಾಗಿದ್ದರೆ ಕಾರ್ಬನ್ ಸವೆದಿರಬೇಕು, ಜೋಡಿಯನ್ನೇ ಬದಲಿಸಿ.