ಹತ್ತು ಕೋಟಿ ಸಾಲು ತುಂಬಲು ಯಾವ ಡೇಟಾಬೇಸ್ ವೇಗದ್ದು?

ಹತ್ತು ಕೋಟಿ ಸಾಲುಗಳ ಸೆನ್ಸರ್ ದಾಖಲೆಯನ್ನು ಒಮ್ಮೆ ತುಂಬಿ, ಆಮೇಲೆ ವರದಿಗಳಿಗೆ ಬಳಸಬೇಕಾಗಿದೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ಕಸಾಂಡ್ರಾಗಳಲ್ಲಿ ಯಾವುದು ವೇಗದ್ದು ಎಂದು ಕೇಳಿದ್ದೀರಿ. ಪುಣೆಯ ಹಿಂಜವಡಿಯಲ್ಲಿ ಇದೇ ಕೆಲಸ ಮಾಡುವವನಾಗಿ ಹೇಳುತ್ತೇನೆ: 'ಬರೆದಾಯಿತು' ಎಂದು ಎಂಜಿನ್ ಹೇಳಿದಾಗ ಸಾಲು ನಿಜವಾಗಿ ಡಿಸ್ಕ್ ಸೇರಿದೆಯೇ ಎಂಬುದನ್ನು ನೋಡದೆ ವೇಗ ಅಳೆಯಬೇಡಿ.

ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ (ಸಾಲುಗಳನ್ನು ಸಂಗ್ರಹಿಸಿಡುವ ಅದರ ಎಂಜಿನ್) ಮತ್ತು ಪೋಸ್ಟ್‌ಗ್ರೆಸ್ ಎರಡೂ, ನಾವು ಏನನ್ನೂ ಬದಲಿಸದಿದ್ದರೆ, ಪ್ರತಿ ಕಮಿಟ್‌ಗೂ (ಬರೆದದ್ದನ್ನು ಖಾಯಂ ಮಾಡುವ ಆಜ್ಞೆಗೂ) ಲಾಗನ್ನು, ಅಂದರೆ ಬದಲಾವಣೆಗಳ ದಾಖಲೆಯನ್ನು, ಡಿಸ್ಕಿಗೆ ಮುಟ್ಟಿಸಿಯೇ ಉತ್ತರ ಕೊಡುತ್ತವೆ. ಕಸಾಂಡ್ರಾ ಮೊದಲು ಉತ್ತರ ಕೊಟ್ಟು, 10 ಸೆಕೆಂಡಿಗೊಮ್ಮೆ ಲಾಗನ್ನು ಡಿಸ್ಕಿಗೆ ಇಳಿಸುತ್ತದೆ. ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟ್ ಹೋಗುವುದು ರೂಢಿ. ಒಂದೇ ಯಂತ್ರದಲ್ಲಿ ಪರೀಕ್ಷೆ ನಡೆಸುವಾಗ ಹಾಗಾದರೆ ಆ ಕೊನೆಯ ಕೆಲವು ಸೆಕೆಂಡುಗಳ ಸಾಲುಗಳು ಸಿಗುವುದಿಲ್ಲ.

ಕಮಿಟ್‌ನ ಬೆಲೆ ಎಷ್ಟೆಂಬುದಕ್ಕೆ ಎಸ್‌ಕ್ಯೂಲೈಟ್‌ನವರೇ ಕೊಡುವ ಲೆಕ್ಕ ಸಾಕು. ಸಾಧಾರಣ ಕಂಪ್ಯೂಟರಿನಲ್ಲೂ ಸೆಕೆಂಡಿಗೆ 50,000 ಇನ್ಸರ್ಟ್ (ಸಾಲು ಸೇರಿಸುವ ಆಜ್ಞೆ) ಸಾಧ್ಯ. ಆದರೆ ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಸೆಕೆಂಡಿಗೆ ಸುಮಾರು 60 ಟ್ರಾನ್ಸಾಕ್ಷನ್ (ಒಂದು ಕಮಿಟ್‌ನಲ್ಲಿ ಮುಗಿಯುವ ಕಂತು) ಮಾತ್ರ. ಅಂದರೆ ಒಂದು ಕೋಟಿ ಸಾಲುಗಳನ್ನು ಒಂದೊಂದಾಗಿ ಕಮಿಟ್ ಮಾಡಿದರೆ 46 ಗಂಟೆ, ಒಟ್ಟಾಗಿ ಮಾಡಿದರೆ ನಾಲ್ಕು ನಿಮಿಷವೂ ಬೇಡ. ಎಂಜಿನ್ ಅದೇ, ಡಿಸ್ಕೂ ಅದೇ.

ಇನ್ನೊಂದು ಪೆಟ್ಟು ನಾನೇ ತಿಂದದ್ದು. ಹತ್ತು ಲಕ್ಷ ಸಾಲುಗಳಿಂದ ಇನ್ನೊಡಿಬಿಯನ್ನು ಪರೀಕ್ಷಿಸಿ, ತೃಪ್ತಿಯಾಗಿ, ರಾತ್ರಿ ಪೂರ್ತಿ ದಾಖಲೆಯನ್ನು ತುಂಬಲು ಬಿಟ್ಟೆ. ಹತ್ತು ಸಾವಿರ ಸಾಲಿಗೊಂದು ಚುಕ್ಕೆ ಪರದೆಯ ಮೇಲೆ ಮೂಡುವಂತೆ ಬರೆದಿದ್ದೆ. ಮೊದಲು ಸಾಲುಸಾಲಾಗಿ ಓಡಿದ ಚುಕ್ಕೆಗಳು ನಡುರಾತ್ರಿಯ ಹೊತ್ತಿಗೆ ಒಂದಾದ ಮೇಲೊಂದು ತಡೆದು ತಡೆದು ಬರತೊಡಗಿದವು. ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀ ಆಗಿ, ಮನಬಂದಂತೆ ಹುಟ್ಟುವ ಉದ್ದನೆಯ ಗುರುತು ಯುಯುಐಡಿಯನ್ನು ಇಟ್ಟಿದ್ದೆ. ಇನ್ನೊಡಿಬಿ ಸಾಲುಗಳನ್ನು ಕೀಯ ಕ್ರಮದಲ್ಲೇ 16 ಕೆಬಿ ಪುಟಗಳಲ್ಲಿ ಜೋಡಿಸುವುದರಿಂದ, ಪ್ರತಿ ಹೊಸ ಸಾಲಿಗೂ ಎಲ್ಲೋ ಇರುವ ಬೇರೊಂದು ಪುಟ ಬೇಕಾಗುತ್ತದೆ. ಪುಟಗಳನ್ನು ಮೆಮೊರಿಯಲ್ಲಿ ಇಡುವ ಜಾಗವಾದ ಬಫರ್ ಪೂಲನ್ನು ತಾನಾಗಿ ಬರುವ 128 ಎಂಬಿಯಲ್ಲೇ ಬಿಟ್ಟಿದ್ದರಿಂದ ಆ ಪುಟಗಳನ್ನು ಡಿಸ್ಕಿನಿಂದ ಎತ್ತಿ ತರಬೇಕಾಗಿತ್ತು. ಏರುತ್ತ ಹೋಗುವ ಸಂಖ್ಯೆಯನ್ನು ಕೀ ಮಾಡಿ, ಬಫರ್ ಪೂಲನ್ನು ಹಿಗ್ಗಿಸಿ, ಉಳಿದ ಇಂಡೆಕ್ಸ್‌ಗಳನ್ನು (ಬೇಗ ಹುಡುಕಲು ಕಟ್ಟುವ ಸೂಚಿಗಳನ್ನು) ಸಾಲು ತುಂಬಿದ ಮೇಲೆ ಕಟ್ಟಿದಾಗ ಚುಕ್ಕೆಗಳು ಕೊನೆಯವರೆಗೂ ಒಂದೇ ಹದದಲ್ಲಿ ಬಂದವು.

ಕಸಾಂಡ್ರಾ ಮತ್ತು ರಾಕ್ಸ್‌ಡಿಬಿ ಎಂಬ ಇನ್ನೊಂದು ಸಂಗ್ರಹ ಎಂಜಿನ್‌ಗೆ ಈ ತೊಂದರೆ ಕಡಿಮೆ, ಏಕೆಂದರೆ ಅವು ಸಾಲುಗಳನ್ನು ಮೆಮೊರಿಯಲ್ಲಿ ವಿಂಗಡಿಸಿಕೊಂಡು ಒಟ್ಟಿಗೇ ಹೊಸ ಫೈಲಾಗಿ ಬರೆಯುತ್ತವೆ. ಆದರೆ ಆ ಫೈಲುಗಳನ್ನು ಮುಂದೆ ಕೂಡಿಸುವ ಕಂಪ್ಯಾಕ್ಷನ್ ಕೆಲಸ ಬಾಕಿ ಉಳಿಯುತ್ತದೆ. ಅದು ಮುಗಿಯುವವರೆಗಿನ ಸಮಯವನ್ನೂ ಸೇರಿಸಿ ಅಳೆಯಿರಿ.

ನಿಮ್ಮ ಸಂದರ್ಭದಲ್ಲಿ ನಾನಾದರೆ ಪೋಸ್ಟ್‌ಗ್ರೆಸ್ ಆರಿಸಿ, ಇನ್ಸರ್ಟ್ ಬಿಟ್ಟು, ಫೈಲಿನ ಸಾಲುಗಳನ್ನು ಒಟ್ಟಿಗೇ ಸೇರಿಸುವ ಕಾಪಿ (COPY) ಆಜ್ಞೆಯಿಂದ ತುಂಬುತ್ತೇನೆ. ಲಾಗ್ ಬರೆಯದ ಅನ್‌ಲಾಗ್ಡ್ ಟೇಬಲ್ ಇನ್ನೂ ವೇಗ ಕೊಡುತ್ತದೆ, ಆದರೆ ಸರ್ವರ್ ಕುಸಿದರೆ ಆ ಟೇಬಲ್ ಖಾಲಿಯಾಗಿಯೇ ಮೇಲೇಳುತ್ತದೆ. ಮೂಲ ಫೈಲು ನಿಮ್ಮ ಕೈಯಲ್ಲಿದ್ದರೆ ಮಾತ್ರ ಅದನ್ನು ಬಳಸಿ.