ಎಂಆರ್‌ಐ ವರದಿಯಲ್ಲಿ ಕಾಣದ ತೊಂದರೆ

ಪ್ರಶ್ನೆ: ನನ್ನ ತಂಗಿ ಶಿರಸಿಯಲ್ಲಿ ಅಡಿಕೆ ವಹಿವಾಟಿನ ಲೆಕ್ಕ ಬರೆಯುತ್ತಾಳೆ. ಎರಡು ವರ್ಷಗಳಿಂದ ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇದೆ. ನಡಿಗೆ, ದೃಷ್ಟಿ ಚೆನ್ನಾಗಿವೆ. ಆದರೆ ಟೆಂಡರಿನ ದಿನ ನಾಲ್ಕು ಜನ ಒಟ್ಟಿಗೆ ಚಾಲಿ, ರಾಶಿಯ ದರ ಕೇಳಿದರೆ ತಬ್ಬಿಬ್ಬಾಗುತ್ತಾಳೆ. ಎಂಆರ್‌ಐ ವರದಿಯಲ್ಲಿ ಹೊಸ ಕಲೆಗಳಿಲ್ಲ ಎಂದಿರುವುದರಿಂದ ಮನೆಯವರು ಇದನ್ನು ಆಲಸ್ಯವೆನ್ನುತ್ತಾರೆ. ಇನ್ನೊಂದು ಸ್ಕ್ಯಾನ್ ಮಾಡಿಸಬೇಕೇ?

ಉತ್ತರ: ಆಲಸ್ಯವೆಂಬ ಮಾತನ್ನು ಮನೆಯವರು ದಯವಿಟ್ಟು ಬಿಡಬೇಕು. ಈ ಕಾಯಿಲೆ ಇರುವವರಲ್ಲಿ ಶೇ. 40ರಿಂದ 65ರಷ್ಟು ಜನರಿಗೆ ಗ್ರಹಿಕೆ, ನೆನಪು, ಗಮನದ ತೊಂದರೆ ಬರುತ್ತದೆ. ಸಾಮಾನ್ಯವಾಗಿ ಮೊದಲು ಇಳಿಯುವುದು ಯೋಚನೆಯ ವೇಗ.

ಸಾಮಾನ್ಯ ಎಂಆರ್‌ಐ ಮುಖ್ಯವಾಗಿ ಮೆದುಳಿನ ಬಿಳಿಭಾಗದಲ್ಲಿ ನರತಂತುಗಳ ಮಯಲಿನ್ ಹೊದಿಕೆ ಹಾಳಾದ ಜಾಗಗಳನ್ನು ಕಲೆಗಳಾಗಿ ತೋರಿಸುತ್ತದೆ. ಹೊರಪದರವಾದ ಕಾರ್ಟೆಕ್ಸಿನಲ್ಲಿಯೂ ಇಂಥ ಗಾಯಗಳಾಗುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಅದರ ಕಣ್ಣಿಗೆ ಬೀಳುವುದಿಲ್ಲ. ಮೆದುಳಿನ ನಡುವೆ ಇದ್ದು ಹಲವು ಭಾಗಗಳನ್ನು ಬೆಸೆಯುವ ಥಲಾಮಸ್ ತೀರ ಆರಂಭದಲ್ಲಿಯೇ ಕುಗ್ಗತೊಡಗುತ್ತದೆ, ಮತ್ತು ಅದು ಕುಗ್ಗಿದವರಲ್ಲಿ ಯೋಚನೆಯ ವೇಗವೂ ಕಡಿಮೆಯಾಗಿರುವುದನ್ನು ಅನೇಕ ಅಧ್ಯಯನಗಳು ಕಂಡಿವೆ. ಹೊಸ ಕಲೆಗಳಿಲ್ಲ ಎಂಬ ಸಾಲು ಈ ಎರಡರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಮೆದುಳಿನ ಯಾವ ಭಾಗಗಳು ದುಡಿಯುತ್ತಿವೆ ಎಂದು ತೋರಿಸುವ ಫಂಕ್ಷನಲ್ ಎಂಆರ್‌ಐನಿಂದ ತಿಳಿದ ಸಂಗತಿ ನನಗೆ ಇನ್ನೂ ಮುಖ್ಯವೆನಿಸುತ್ತದೆ: ಕಾಯಿಲೆಯ ಮೊದಲ ವರ್ಷಗಳಲ್ಲಿರುವವರು ಆರೋಗ್ಯವಂತರಷ್ಟೇ ಸರಿಯಾಗಿ ಉತ್ತರಿಸುತ್ತಿರುವಾಗಲೂ ಅವರ ಮೆದುಳಿನ ಹೆಚ್ಚು ಭಾಗಗಳು, ಅದರಲ್ಲಿಯೂ ಹಣೆಯ ಹಿಂದಿನ ಭಾಗ, ದುಡಿಯುತ್ತಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಒಂದೊಂದೇ ಲೆಕ್ಕವನ್ನು ನಿಭಾಯಿಸಬಲ್ಲವರು ನಾಲ್ಕು ಕಡೆಯಿಂದ ಪ್ರಶ್ನೆ ಬಂದಾಗ ತಡವರಿಸುವುದು, ಸಂಜೆಗೆ ಬಸವಳಿಯುವುದು ಇದರಿಂದ ಅರ್ಥವಾಗುತ್ತದೆ.

ಹಾಗೆಂದು ಇದಕ್ಕಾಗಿಯೇ ಘಟ್ಟ ಇಳಿದು ಮಣಿಪಾಲಕ್ಕೋ, ಇತ್ತ ಹುಬ್ಬಳ್ಳಿಗೋ ಹೋಗಿ ದುಬಾರಿ ಸ್ಕ್ಯಾನ್ ಮಾಡಿಸಬೇಡಿ. ಮೇಲಿನವೆಲ್ಲ ಗುಂಪುಗಳನ್ನು ಹೋಲಿಸಿ ಕಂಡುಕೊಂಡ ವಿಷಯಗಳು. ಒಬ್ಬ ವ್ಯಕ್ತಿಯ ಚಿತ್ರ ನೋಡಿ ಅವರ ಯೋಚನೆಯ ವೇಗವನ್ನು ಹೇಳಲಾಗದು. ಅದಕ್ಕೆ ಎಸ್‌ಡಿಎಂಟಿ ಎಂಬ ಸರಳ ಪರೀಕ್ಷೆಯಿದೆ. ಹಾಳೆಯ ಮೇಲಿನ ಪ್ರತಿ ಚಿಹ್ನೆಗೂ ಹೊಂದುವ ಅಂಕಿಯನ್ನು 90 ಸೆಕೆಂಡುಗಳಲ್ಲಿ ಆದಷ್ಟು ಹೇಳುತ್ತ ಹೋಗಬೇಕು. ಬಾಯಲ್ಲಿ, ಕನ್ನಡದಲ್ಲಿಯೇ ಹೇಳಬಹುದು. ಈಗೊಮ್ಮೆ ಮಾಡಿಸಿ, ವರ್ಷಕ್ಕೊಮ್ಮೆ ಹೋಲಿಸಿ ನೋಡುವಂತೆ ನರರೋಗ ತಜ್ಞರನ್ನು ಕೇಳಿ. ಖಿನ್ನತೆ, ನಿದ್ರೆಯ ಕೊರತೆ, ಥೈರಾಯ್ಡ್ ಮತ್ತು ಬಿ12 ಕೊರತೆಯೂ ಮನಸ್ಸನ್ನು ನಿಧಾನಗೊಳಿಸುತ್ತವೆ. ಇವುಗಳಿಗೆ ಚಿಕಿತ್ಸೆ ಇರುವುದರಿಂದ ಅವನ್ನೂ ಪರೀಕ್ಷಿಸಲಿ. ಟೆಂಡರಿನ ದಿನ ದರ ಹೇಳುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ಲೆಕ್ಕ ಬರೆಯಲು ನಿಮ್ಮ ತಂಗಿಗೆ ಗದ್ದಲವಿಲ್ಲದ ಜಾಗ ಕೊಡುವಂತೆ ಕಚೇರಿಯಲ್ಲಿ ಕೇಳಿಕೊಳ್ಳಿ.